ಎಸ್‌ಎಐ ಬ್ಲಾಕ್ ಕಿಟ್: ಪ್ಲೇಟ್ ಚೆನ್ನಾಗಿದೆ, ರಸ್ತೆ ಬೈಕಿಗೆ ಮಾತ್ರ ಬೇಡ

ಥ್ರಾಟಲ್ ಬಿಟ್ಟಾಗ ಸೈಲೆನ್ಸರ್ ಪಟಪಟ ಸಿಡಿಯುತ್ತದೆ ಅಂದರೆ ಸಾಕು, ಯಾರಾದರೂ ಈ ಕಿಟ್ಟಿನ ಹೆಸರು ಹೇಳುತ್ತಾರೆ. ಎಸ್‌ಎಐ ಅಂದರೆ ಸೆಕೆಂಡರಿ ಏರ್ ಇಂಜೆಕ್ಷನ್, ಕಿಟ್ ಮುಚ್ಚುವುದು ಇದನ್ನೇ. ಹೋಂಡಾ, ಸುಜುಕಿಯಲ್ಲಿ ಎಸ್‌ಎಐ ಹೆಸರು ಪೇರ್, ಯಮಹಾದಲ್ಲಿ ಎಐಎಸ್, ಕೆಟಿಎಂನಲ್ಲಿ ಎಸ್‌ಎಎಸ್. ಕೆಲಸ ಎಲ್ಲದರಲ್ಲೂ ಒಂದೇ. ಫಿಲ್ಟರ್ ದಾಟಿದ ಗಾಳಿಯನ್ನು ರೀಡ್ ವಾಲ್ವ್ (ಒಂದೇ ದಿಕ್ಕಿಗೆ ಗಾಳಿ ಬಿಡುವ ವಾಲ್ವ್) ಮೂಲಕ ಎಕ್ಸಾಸ್ಟ್ ಪೋರ್ಟಿಗೆ ಬಿಡುವುದು. ಉರಿಯದೆ ಉಳಿದ ಪೆಟ್ರೋಲ್ ಅಲ್ಲೇ ಉರಿಯುತ್ತದೆ, ಮುಂದಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಆಮ್ಲಜನಕ ಸಿಗುತ್ತದೆ. ಥ್ರಾಟಲ್ ಮುಚ್ಚಿದಾಗ ಅದೇ ಗಾಳಿ, ಅದೇ ಪೆಟ್ರೋಲ್ ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನೊಳಗೆ ಸೇರಿ ಸಿಡಿಯುತ್ತವೆ.

ಎಂಜಿನ್ ಹೆಡ್ಡಿನ ಟ್ಯಾಪೆಟ್ ಕವರಿನ ಮೇಲೆಯೇ ರೀಡ್ ವಾಲ್ವ್ ಕೂತಿರುವ ಒಂಟಿ ಸಿಲಿಂಡರ್ ಇಂಜೆಕ್ಷನ್ ಬೈಕುಗಳ ಕಿಟ್ ಇದು, ಬ್ರ್ಯಾಂಡ್ ಇಲ್ಲದ್ದು. ಒಳಗೆ 5 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್, ಒಂದು ಓ-ರಿಂಗ್, ಎರಡು ಎಂ6 ಅಲೆನ್ ಬೋಲ್ಟ್, ಏರ್ ಬಾಕ್ಸಿಗೆ (ಏರ್ ಫಿಲ್ಟರಿನ ಡಬ್ಬಿ) ರಬ್ಬರ್ ಕ್ಯಾಪ್, ಸೊಲೆನಾಯ್ಡ್ (ಈ ಗಾಳಿಯನ್ನು ಬಿಡುವ, ತಡೆಯುವ ಕರೆಂಟ್ ವಾಲ್ವ್) ಜಾಗಕ್ಕೆ ರೆಸಿಸ್ಟರ್ ಕೂರಿಸಿದ ಪ್ಲಗ್.

ಪ್ಲೇಟ್ ನಿಜಕ್ಕೂ ಚೆನ್ನಾಗಿದೆ. ಗಾಜಿನ ಮೇಲಿಟ್ಟರೆ ಅಲುಗುವುದಿಲ್ಲ, ಓ-ರಿಂಗ್ ಕೂರುವ ತೋಡು ನೀಟಾಗಿದೆ. 2 ಮಿ.ಮೀ. ತಗಡು ಕೊಡುವ ಕಿಟ್‌ಗಳೂ ಇವೆ. ಅವು ಎರಡು ಬೋಲ್ಟ್ ನಡುವೆ ಬಾಗಿ, ಅಂಚಿನಲ್ಲಿ ಕಪ್ಪು ಮಸಿ ಕಾರುತ್ತವೆ.

ಬೋಲ್ಟ್ ಹಾಕುವ ಮುಂಚೆ ಉದ್ದ ನೋಡಲೇಬೇಕು. ಹಳೆಯ ರೀಡ್ ಕವರ್ ದಪ್ಪ, ಈ ಪ್ಲೇಟ್ ತೆಳು. ಹಳೇ ಬೋಲ್ಟನ್ನೇ ಹಾಕಿದರೆ ತುದಿ ತೂತಿನ ತಳ ಮುಟ್ಟುತ್ತದೆ. ಕೈಗೆ ಬಿಗಿ ಆದಂತೆ ಅನಿಸುತ್ತದೆ, ಪ್ಲೇಟ್ ಮಾತ್ರ ಸಡಿಲ. ಇನ್ನಷ್ಟು ತಿರುಗಿಸಿದರೆ ಕವರಿನ ಥ್ರೆಡ್ ಕಿತ್ತುಬರುತ್ತದೆ. ಎಂ6ಗೆ 10 ನ್ಯೂಟನ್ ಮೀಟರ್ ಬಿಗಿತ ಸಾಕು, ಎಂಜಿನ್ ಪೂರ್ತಿ ತಣ್ಣಗಿರುವಾಗ.

ಏರ್ ಬಾಕ್ಸಿನ ಕ್ಯಾಪ್ ಈ ಕಿಟ್ಟಿನ ದುರ್ಬಲ ಭಾಗ. ಎಸ್‌ಎಐಗೆ ಗಾಳಿ ಒಯ್ಯುವ ಹೋಸ್ ಹೊರಡುವುದು ಫಿಲ್ಟರಿನ ಶುದ್ಧ ಬದಿಯಿಂದ, ಹಾಗಾಗಿ ಕ್ಯಾಪ್ ಕಳಚಿತೆಂದರೆ ರಸ್ತೆಯ ಧೂಳು ನೇರವಾಗಿ ಪಿಸ್ಟನ್ನಿಗೆ. ಕಿಟ್ಟಿನಲ್ಲಿ ಕ್ಲಿಪ್ಪೇ ಇಲ್ಲ. ಬೇರೆ ತಂದು ಹಾಕಬೇಕು. ಕಾರ್ಬ್ಯುರೇಟರ್ ಕಾಲದ ವ್ಯಾಕ್ಯೂಮ್ ವಾಲ್ವಿನ ಬೈಕಾದರೆ ಮ್ಯಾನಿಫೋಲ್ಡಿನ ಸಣ್ಣ ನಿಪ್ಪಲ್ಲನ್ನೂ ಮುಚ್ಚಬೇಕು. ಮರೆತರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಸ್ಲೋ ಸ್ಪೀಡ್ ಏರುತ್ತಾ ಇಳಿಯುತ್ತಾ ಇರುತ್ತದೆ.

ರೆಸಿಸ್ಟರ್ ಪ್ಲಗ್ ಬಿಸಾಡಿ. ಸೊಲೆನಾಯ್ಡ್ ಕಿತ್ತರೆ ಎಂಜಿನ್ ಲೈಟ್ ಹತ್ತುತ್ತದೆ, ಅದನ್ನು ತಪ್ಪಿಸಲು ಇದನ್ನು ಕೊಟ್ಟಿದ್ದಾರೆ. ಲೆಕ್ಕ ಹಾಕಿ: ಸೊಲೆನಾಯ್ಡಿನ ಕಾಯಿಲ್ 24 ಓಮ್ ಇದ್ದರೆ 12 ವೋಲ್ಟಿಗೆ ಅರ್ಧ ಆಂಪ್, ಅಂದರೆ 6 ವ್ಯಾಟ್ ಶಾಖ. ಕಾಲು ವ್ಯಾಟಿನ ಸಣ್ಣ ರೆಸಿಸ್ಟರ್ ಅದನ್ನು ತಡೆಯುತ್ತದೆಯೇ? ಸೊಲೆನಾಯ್ಡನ್ನು ಅದರ ಪ್ಲಗ್ಗಿನಲ್ಲೇ ಬಿಟ್ಟು, ಬಿಸಿ ತಾಗದ ಕಡೆ ಫ್ರೇಮಿಗೆ ಕಟ್ಟಿದರೆ ಸಾಕು, ಲೈಟ್ ಹತ್ತುವುದಿಲ್ಲ.

ಪರಿಣಾಮ? ಪಟಪಟ ಬಹುಪಾಲು ನಿಲ್ಲುತ್ತದೆ. ಪಿಕಪ್, ಮೈಲೇಜ್ ಎರಡೂ ಹೆಚ್ಚುವುದಿಲ್ಲ. ಈ ಗಾಳಿ ಸಿಲಿಂಡರಿನೊಳಗೆ ಹೋಗುವುದೇ ಇಲ್ಲ, ಹೆಚ್ಚುವುದಾದರೂ ಹೇಗೆ? ಪ್ಯಾಕೆಟ್ಟಿನ ಮೇಲೆ 'ಪವರ್ ಕಿಟ್' ಎಂದು ಅಚ್ಚು ಹಾಕಿರುವುದು ಶುದ್ಧ ಸುಳ್ಳು. ಹೆಚ್ಚುವುದು ಹೊಗೆಯ ವಿಷ. ಬೆಳಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ಕಾದಿರುವುದಿಲ್ಲ, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಅತಿ ಹೆಚ್ಚು ಬರುವ ಆ ಹೊತ್ತಿನಲ್ಲೇ ಈ ವ್ಯವಸ್ಥೆ ಇಲ್ಲದಂತಾಗುತ್ತದೆ. ಮನೆ ಮುಂದಿನ ಗಲ್ಲಿಯಲ್ಲಿ, ಮಕ್ಕಳು ಸ್ಕೂಲ್ ವ್ಯಾನಿಗೆ ಕಾಯುವ ಹೊತ್ತಿಗೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ, 2019ರ ತಿದ್ದುಪಡಿಯ ನಂತರ, ಮಾಲಿನ್ಯ ಮಾನದಂಡ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ 3 ತಿಂಗಳು ಡಿಎಲ್ ಅನರ್ಹ. ಟ್ರ್ಯಾಕಿಗೆ ಮಾತ್ರ ಓಡಿಸುವ ಬೈಕಿಗೆ ಕಿಟ್ ಸರಿ. ನಂಬರ್ ಪ್ಲೇಟ್ ಇರುವ ಬೈಕಿಗೆ ನಾವು ಬೇಡ ಅಂತಲೇ ಹೇಳುತ್ತೇವೆ.

ಅಷ್ಟಕ್ಕೂ ಸಿಡಿತಕ್ಕೆ ಕಾರಣ ಬಹಳ ಸಲ ಬೇರೆಯೇ ಇರುತ್ತದೆ. ಮೊದಲು ಬೆಂಡ್ ಪೈಪ್ ಹೆಡ್ಡಿಗೆ ಸೇರುವ ಜಾಗ ನೋಡಿ. ಸ್ಟಡ್ಡಿನ ಸುತ್ತ ಮಸಿ ಗೆರೆ ಇದ್ದರೆ ಪ್ಯಾಕಿಂಗ್ ಹೋಗಿದೆ, ಗಾಳಿ ಅಲ್ಲಿಂದಲೇ ಎಳೆಯುತ್ತಿದೆ. ಹೊಸ ಪ್ಯಾಕಿಂಗ್ ಹಾಕಿದರೆ ಮುಗಿಯಿತು. ಆಮೇಲೆ ರೀಡ್. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ತೆಳು ಸ್ಟೀಲ್ ಎಲೆ ರಬ್ಬರ್ ಸೀಟಿಗೆ ಅಂಟಿಕೊಂಡಿರಬೇಕು, ಅಂಚಿನಲ್ಲಿ ಕೂದಲೆಳೆಯಷ್ಟೂ ಬೆಳಕು ಕಾಣಬಾರದು. ಹೋಸ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಎಳೆದರೆ ಬರಬಾರದು. ಕಾರ್ಬನ್ ಕೂತು ಎಲೆ ತೆರೆದೇ ಉಳಿದಿದ್ದರೆ ಬಿಸಿ ಎಕ್ಸಾಸ್ಟ್ ಹಿಂದಕ್ಕೆ ಹೊಡೆದು ಹೋಸ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕಾರ್ಬನ್ನನ್ನು ಬಟ್ಟೆಯಿಂದ ಒರೆಸಿ, ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ. ಸೀಟಿಗೆ ಗೆರೆ ಬಿದ್ದರೆ ಹೊಸದನ್ನೇ ತರಬೇಕು. ಹೋಸಿನೊಳಗೆ ಗೋಲಿ ತುರುಕುವ ಗ್ಯಾರೇಜ್ ಉಪಾಯವೂ ಇದೆ. ಸಿಡಿತ ಎಲ್ಲಿಂದ ಎಂದು ತಿಳಿಯಲು ಹತ್ತು ನಿಮಿಷ ಸಾಕು, ಆಮೇಲೆ ಗೋಲಿ ತೆಗೆದುಬಿಡಿ. ಗೋಲಿ ಹಾಕಿಯೂ ಸಿಡಿತ ನಿಲ್ಲದಿದ್ದರೆ ತಪ್ಪು ಎಸ್‌ಎಐಯದಲ್ಲ.