ಸತ್ತ ಮೊಲವನ್ನು ಪರೀಕ್ಷಿಸಬೇಕೋ, ಬೇಟೆಯ ಮೊಲದ ರಕ್ತವನ್ನೋ?

ಯುರೋಪಿನ ಕಾಡುಮೊಲಗಳಲ್ಲಿ ಟುಲರೇಮಿಯಾ ಎಂಬ, ಮನುಷ್ಯರಿಗೂ ತಗುಲುವ ಬ್ಯಾಕ್ಟೀರಿಯಾ ರೋಗ ಹರಡುವುದನ್ನು ಗಮನಿಸಲು ಹೊರಟವರ ಮುಂದೆ ಎರಡು ದಾರಿಗಳಿವೆ: ಸತ್ತು ಬಿದ್ದ ಮೊಲಗಳ ಶವಪರೀಕ್ಷೆ ಅಥವಾ ಬೇಟೆಯಲ್ಲಿ ಸಿಕ್ಕ ಮೊಲಗಳ ರಕ್ತಪರೀಕ್ಷೆ.

ಸ್ವೀಡನ್‌ನಲ್ಲಿ ಜನರಿಗೆ ಸಿಕ್ಕ ಶವಗಳನ್ನು ಉಪ್ಸಾಲಾದ ರಾಷ್ಟ್ರೀಯ ಪಶುವೈದ್ಯಕೀಯ ಸಂಸ್ಥೆ ಪರೀಕ್ಷಿಸುತ್ತದೆ. ಗುಲ್ಮ ಅಥವಾ ಯಕೃತ್ತಿನ ಮಾದರಿಯಲ್ಲಿ ಪಿಸಿಆರ್ (ರೋಗಾಣುವಿನ ಡಿಎನ್‌ಎ ಪತ್ತೆಹಚ್ಚುವ) ಪರೀಕ್ಷೆ ಈ ರೋಗ ತರುವ ಫ್ರಾನ್ಸಿಸೆಲ್ಲಾ ಟುಲರೆನ್ಸಿಸ್ ಬ್ಯಾಕ್ಟೀರಿಯಾವನ್ನು ತೋರಿಸಿದರೆ, ರೋಗ ಈಗಲೇ ಆ ಊರಿನಲ್ಲಿದೆ ಎಂದರ್ಥ. ಅಲ್ಲಿನ ಬೆಟ್ಟದ ಮೊಲ ಸೋಂಕು ತಗುಲಿದರೆ ಸಾಮಾನ್ಯವಾಗಿ ಬೇಗನೆ ಸಾಯುತ್ತದೆ. ರಕ್ತಪರೀಕ್ಷೆ ಹುಡುಕುವ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ರಕ್ತದಲ್ಲಿ ಮೂಡುವಷ್ಟು ಸಮಯವೇ ಸಿಗುವುದಿಲ್ಲ. ಇಂಥ ಕಡೆ ಬೇಟೆಯ ಮೊಲಗಳ ರಕ್ತದಲ್ಲಿ ಏನೂ ಕಾಣಲಿಲ್ಲವೆಂದು ನಿರಾಳವಾಗುವುದು ಅಪಾಯಕಾರಿ. ಆದರೆ ನರಿ, ಕಾಗೆಗಳು ತಿಂದು ಮುಗಿಸಿದ ಶವಗಳು ಲೆಕ್ಕಕ್ಕೆ ಸಿಗುವುದಿಲ್ಲ. ಜನವಸತಿ ವಿರಳವಾದ ಕಡೆ ಈ ಕೊರತೆ ಇನ್ನೂ ಹೆಚ್ಚು.

ಮಧ್ಯ ಯುರೋಪಿನ ಬಯಲಿನ ಕಂದು ಮೊಲಗಳಲ್ಲಿ ಕೆಲವು ಬದುಕುಳಿದು ಪ್ರತಿಕಾಯ ಹೊತ್ತಿರುತ್ತವೆ. ಸೋಂಕಿನ ಹರವನ್ನು ಅಳೆಯಲು ಅಲ್ಲಿ ರಕ್ತಪರೀಕ್ಷೆ ನಿಜಕ್ಕೂ ಉಪಯುಕ್ತ.

ಒಂದಕ್ಕೆ ಮಾತ್ರ ಹಣವಿದ್ದರೆ ಶವಪರೀಕ್ಷೆಯನ್ನೇ ಆರಿಸಿ. ಮನುಷ್ಯರಿಗೆ ಬೇಗ ಎಚ್ಚರಿಕೆ ಕೊಡುವುದು ಅದೇ. ಯಾವುದನ್ನೇ ಆರಿಸಿದರೂ ಬರಿಗೈಯಲ್ಲಿ ಮೊಲವನ್ನು ಮುಟ್ಟಲು ಯಾರನ್ನೂ ಬಿಡಬೇಡಿ. ಹತ್ತಾರು ಬ್ಯಾಕ್ಟೀರಿಯಾಗಳೇ ಮನುಷ್ಯನಿಗೆ ಸೋಂಕು ತಗುಲಿಸಬಲ್ಲವು. ಟುಲರೇಮಿಯಾದ ಅನುಮಾನವಿದೆ ಎಂದು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿ.