ಅಮೆರಿಕ ಸೇನೆಯ ಟ್ಯಾಪ್ ತರಬೇತಿ: ರೆಸ್ಯೂಮೆಗೆ ಸೈ, ರಜೆ ಲೆಕ್ಕ ನಿಮ್ಮದೇ

ಸೇನೆ ಬಿಡುವವರಿಗೆ ಕೊಡುವ ಈ ಟ್ಯಾಪ್ (ಟ್ರಾನ್ಸಿಷನ್ ಅಸಿಸ್ಟೆನ್ಸ್ ಪ್ರೋಗ್ರಾಂ) ತರಬೇತಿಯನ್ನು ಬಿಡುಗಡೆಗೆ 365 ದಿನ ಮುಂಚೆಯೇ ಶುರುಮಾಡಬೇಕು. ರೆಸ್ಯೂಮೆ, ಬಜೆಟ್ ಪಾಠ ಚೆನ್ನಾಗಿವೆ. ಟರ್ಮಿನಲ್ ಲೀವ್, ಅಂದರೆ ಬಿಡುಗಡೆಗೆ ಮುಂಚೆ ಕೊನೆಯಲ್ಲಿ ಹಾಕುವ ಉಳಿಕೆ ರಜೆಯ ಲೆಕ್ಕ ಮಾತ್ರ ನೀವೇ ಕೂತು ಹಾಕಿ.

ರಜೆ ಕೂಡುವುದು ತಿಂಗಳಿಗೆ 2.5 ದಿನ. ಉಳಿದ ರಜೆಯನ್ನು ಸೇನೆಗೇ ಮಾರಿ ದುಡ್ಡು ಪಡೆದರೆ ಸಿಗುವುದು ಮೂಲವೇತನವಷ್ಟೇ, ಅದರಲ್ಲೂ ತೆರಿಗೆ ಕಡಿತ. ಹಾಗೆ ಮಾರಲು ಸಾಮಾನ್ಯವಾಗಿ ಇಡೀ ಸೇವೆಗೆ 60 ದಿನದ ಮಿತಿ. ರಜೆಯನ್ನೇ ಬಳಸಿದರೆ ಮನೆಬಾಡಿಗೆ, ಊಟದ ಭತ್ಯೆಯೂ ನಿಲ್ಲುವುದಿಲ್ಲ. ಹಾಗಾಗಿ ಮಾರುವುದು ನಷ್ಟದ ಬಾಬತ್ತೇ.

ಆದರೆ ರಜೆ ಮಂಜೂರು ಮಾಡುವುದು ಕಮಾಂಡರ್. ತುಕಡಿ ಹೊರದೇಶಕ್ಕೆ ಹೊರಡುವ ಹೊತ್ತಿಗೆ ಆಳು ಸಾಲದು. ಕೊನೇ ಗಳಿಗೆಯ ಅರ್ಜಿ ಬಿದ್ದುಹೋಗುವುದು ಅಲ್ಲೇ. ಬಿಡುಗಡೆ ದಿನದಿಂದ ಹಿಂದಕ್ಕೆ ಎಣಿಸಿ, ಮೊದಲೇ ಲಿಖಿತವಾಗಿ ಕೇಳಿ. ಹೆಲ್ಮೆಟ್ಟು, ಕವಚ ಎಲ್ಲ ವಾಪಸು ಕೊಟ್ಟು ಸಹಿ ಹಾಕಿಸಿಕೊಳ್ಳದೆ ರಜೆಗೆ ಹೊರಡಬೇಡಿ: ಕಾಣೆಯಾದ ಸಾಮಾನಿನ ದುಡ್ಡು ಕೊನೇ ಸಂಬಳದಲ್ಲಿ ಮುರಿಯಬಹುದು.