ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ವಿಡಿಯೊ: ದೀರ್ಘ ಬಳಕೆಯ ವಿಮರ್ಶೆ

ಶಿವಮೊಗ್ಗದ ಮನೆಯಿಂದ ಬೆಂಗಳೂರಿನ ಕಚೇರಿಯ ಕಂಪ್ಯೂಟರ್ ಬಳಸಲು ಕೆಲವು ವರ್ಷಗಳಿಂದ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪನ್ನೇ ನೆಚ್ಚಿಕೊಂಡಿದ್ದೇನೆ. ಕಡತ, ಇಮೇಲ್, ಲೆಕ್ಕಪತ್ರಗಳ ಮಟ್ಟಿಗೆ ಯಂತ್ರ ದೂರದಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಆದರೆ ತರಬೇತಿಯ ವಿಡಿಯೊ ತೆರೆದರೆ ಚಿತ್ರ ತಡವರಿಸಿ, ಮಾತು ಮುಂದಾಗಿ ತುಟಿ ಹಿಂದೆ ಉಳಿಯುವುದು ಬಹುಕಾಲ ನಡೆಯಿತು. ಇನ್ನೂ ವೇಗದ ಬ್ರಾಡ್‌ಬ್ಯಾಂಡ್ ಹಾಕಿಸಿ ಎಂಬುದು ಎಲ್ಲರ ಸಲಹೆ. ಅದು ಬಹುಮಟ್ಟಿಗೆ ದಂಡದ ಖರ್ಚು.

ವಿಡಿಯೊವನ್ನು ಬಿಡಿಸಿ ಪರದೆಯ ಮೇಲೆ ಮೂಡಿಸುವುದು ಕಚೇರಿಯ ಯಂತ್ರ; ಮೂಡಿದ ಪರದೆಯನ್ನು ಮತ್ತೆ ಸಂಕುಚಿಸಿ ನಮಗೆ ಕಳಿಸುವುದೂ ಅದೇ. ಅದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ವರ್ಚುವಲ್ ಯಂತ್ರವಾದರೆ, ಅಂದರೆ ಸರ್ವರಿನೊಳಗೆ ತಂತ್ರಾಂಶವಾಗಿ ಓಡುವ ಕಂಪ್ಯೂಟರಾದರೆ, ಈ ಇಮ್ಮಡಿ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಆದ್ದರಿಂದ ವಿಡಿಯೊ ಓಡುತ್ತಿರುವಾಗ ದೂರದ ಯಂತ್ರದ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು. ಪ್ರೊಸೆಸರ್ ಏದುಸಿರು ಬಿಡುತ್ತಿದ್ದರೆ ವಿಡಿಯೊವನ್ನು 480ಪಿಗೆ ಇಳಿಸಿ, ಅದರ ಕಿಟಕಿಯನ್ನು ಕಿರಿದಾಗಿಸುವುದೇ ತಕ್ಷಣದ ಉಪಾಯ.

ನನ್ನಲ್ಲಿ ಪ್ರೊಸೆಸರ್ ಆರಾಮವಾಗಿಯೇ ಇತ್ತು. ಸುಳಿವು ಸಿಕ್ಕಿದ್ದು ಪೂರ್ಣಪರದೆಯ ಮೇಲ್ತುದಿಯ ನೀಲಿ ಪಟ್ಟಿಯಲ್ಲಿರುವ ಪುಟ್ಟ ಸಿಗ್ನಲ್ ಚಿಹ್ನೆಯಲ್ಲಿ. ಅದನ್ನು ಒತ್ತಿದರೆ ಸಂಪರ್ಕದ ಗುಣಮಟ್ಟವನ್ನೂ, ಯುಡಿಪಿ (ಕಳೆದುಹೋದ ತುಣುಕಿಗಾಗಿ ಕಾಯದೆ ಮಾಹಿತಿ ಸಾಗಿಸುವ ವಿಧಾನ) ಬಳಕೆಯಲ್ಲಿದ್ದರೆ ಅದನ್ನೂ ತಿಳಿಸುತ್ತದೆ; ನನಗೆ ಕಂಡ ಸಾಲಿನಲ್ಲಿ ಯುಡಿಪಿಯ ಸುದ್ದಿಯೇ ಇರಲಿಲ್ಲ. 2012ರಲ್ಲಿ ಬಂದ 8ನೇ ಆವೃತ್ತಿಯಿಂದ ರಿಮೋಟ್ ಡೆಸ್ಕ್‌ಟಾಪಿನ ಪ್ರೋಟೋಕಾಲ್ (ಎರಡು ಯಂತ್ರಗಳು ಮಾತಾಡುವ ನಿಯಮಾವಳಿ) ಯುಡಿಪಿಯನ್ನೂ ಬಳಸಬಲ್ಲದು, ಆದರೆ ಹೊರಗಿನವರನ್ನು ಕಚೇರಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ದಾರಿಯಾದ ವಿಪಿಎನ್, ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಾದ 3389ನೇ ಪೋರ್ಟಿನಲ್ಲಿ ಟಿಸಿಪಿ ಎಂಬ ಇನ್ನೊಂದು ವಿಧಾನವನ್ನಷ್ಟೇ ಬಿಡುತ್ತಿತ್ತು. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದರೆ ಅದು ಮರಳಿ ಬರುವ ತನಕ, ಕಿರುಸೇತುವೆಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದಿನ ಬಸ್ಸುಗಳಂತೆ, ಉಳಿದವೆಲ್ಲ ಕಾಯಬೇಕು. ನೆಟ್‌ವರ್ಕ್ ವಿಭಾಗದವರು ಯುಡಿಪಿಗೂ ದಾರಿ ಬಿಟ್ಟ ಮೇಲೆ ಅದೇ ಬ್ರಾಡ್‌ಬ್ಯಾಂಡಿನಲ್ಲಿ ಮಾತು ಮತ್ತು ತುಟಿ ಜೊತೆಗೂಡಿದವು.

ಬಣ್ಣದ ವಿವರ ಕಡಿಮೆ ಮಾಡದೆ ಪರದೆಯನ್ನು ಸಂಕುಚಿಸುವ, ವಿಂಡೋಸ್ 10ರ ಕಾಲಕ್ಕೆ ಬಂದ ಎವಿಸಿ 444 ವಿಧಾನವನ್ನು ವಿಂಡೋಸಿನ ಆಡಳಿತ ಸೆಟ್ಟಿಂಗುಗಳಾದ ಗ್ರೂಪ್ ಪಾಲಿಸಿಯಲ್ಲಿ ಆನ್ ಮಾಡಿದ ಬಳಿಕ ಸ್ಲೈಡುಗಳ ಕೆಂಪು ಅಕ್ಷರಗಳ ಅಂಚು ಕದಡುವುದೂ ನಿಂತಿತು. ಸೆಕೆಂಡಿಗೆ 30 ಫ್ರೇಮುಗಳ (ಬಿಡಿ ಚಿತ್ರಗಳ) ಮಿತಿ ತಾನಾಗಿಯೇ ಇರುತ್ತದೆ. ವಿಂಡೋಸಿನ ಒಳ ಸೆಟ್ಟಿಂಗುಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಡಿಡಬ್ಲ್ಯುಎಂ ಫ್ರೇಮ್ ಇಂಟರ್ವಲ್ ಎಂಬ ಮೌಲ್ಯವನ್ನು 15 ಎಂದಿಟ್ಟರೆ 60ಕ್ಕೆ ಏರಿಸಬಹುದಾದರೂ ಪಾಠ ಕೇಳುವವರಿಗೆ ಅದರ ಹಂಗಿಲ್ಲ.

ದಿನವಿಡೀ ವಿಡಿಯೊ ನೋಡಲೇಬೇಕಾದ ಕೆಲಸದವರಿಗೆ ಮೈಕ್ರೋಸಾಫ್ಟಿನ ಕ್ಲೌಡ್ ಡೆಸ್ಕ್‌ಟಾಪ್ ಸೇವೆಗಳಾದ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್ ಅಥವಾ ವಿಂಡೋಸ್ 365ರಲ್ಲಿರುವ ಮಲ್ಟಿಮೀಡಿಯಾ ರೀಡೈರೆಕ್ಷನ್ ಹೆಚ್ಚು ಒಗ್ಗುತ್ತದೆ, ಏಕೆಂದರೆ ಅಲ್ಲಿ ಎಡ್ಜ್ ಅಥವಾ ಕ್ರೋಮ್‌ನ ವಿಡಿಯೊವನ್ನು ಬಿಡಿಸುವ ಕೆಲಸ ನಮ್ಮ ಕೈಯಲ್ಲಿರುವ ಯಂತ್ರಕ್ಕೇ ಬರುತ್ತದೆ. ನನ್ನಂತೆ ಆಗೊಮ್ಮೆ ಈಗೊಮ್ಮೆ ನೋಡುವವರಿಗೆ ವಿಂಡೋಸ್ ಪ್ರೊ ಜೊತೆಗೇ ಬರುವ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯ ಧಾರಾಳವಾಗಿ ಸಾಕು.